ಅರ ಹಾಕಿದ ಅಕ್ಷರಗಳು

ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಕೊಡಲಿಗೆಂದು ಬೇರೆ ಬೆಲೆ ಇಲ್ಲ. ಕಬ್ಬಿಣಕ್ಕೆ ಎಷ್ಟೋ ಕೊಡಲಿಗೂ ಅಷ್ಟೇ. ಮುರಿದ ಕಿಟಕಿಯ ಸರಳು, ಸೈಕಲ್ ಚೈನು, ಒಡೆದ ಹಾರೆ, ಹಳೆಯ ಕೊಡಲಿ ಎಲ್ಲವೂ ಅಲ್ಲಿನ ತಕ್ಕಡಿಯಲ್ಲಿ ಒಂದೇ. ಕಳೆದ ಮಳೆಗಾಲದಲ್ಲಿ ಹೀಗೆ ತೂಗಿಸಿಕೊಂಡು ತಂದ ಒಂದು ಕೊಡಲಿಯ ತಲೆ ಈ ಲೇಖನಕ್ಕೆ ಕಾರಣ. ಅದಕ್ಕೆ ಕಾವು ಇರಲಿಲ್ಲ. ಬಾಯಿ ಮೊಂಡಾಗಿತ್ತು. ಯಾರೋ ಅದನ್ನು ಸುತ್ತಿಗೆಯಂತೆ ಬಳಸಿದ್ದರಿಂದ ಹಿಂಬದಿಯ ಅಂಚು ಅಣಬೆಯ ಹಾಗೆ ಅರಳಿತ್ತು. ಮೈತುಂಬ ತುಕ್ಕು. ಒಂದು ಕೆನ್ನೆಯನ್ನು ಹೆಬ್ಬೆರಳಿನಿಂದ ಉಜ್ಜಿದಾಗ ‘ಎಂ’ ಎಂಬ ಇಂಗ್ಲಿಷ್ ಅಕ್ಷರ ಕಾಣಿಸಿತು. ಅದರ ಪಕ್ಕ ಅರ್ಧ ‘ಎಸ್’. ಅಲ್ಲಿಂದ ಮುಂದೆ ಅಕ್ಷರಗಳಿಲ್ಲ, ಅರದ ಗೀರುಗಳು ಮಾತ್ರ.

‘ಇದಕ್ಕ ಅರ ಹಾಕಿದವರು ಯಾರು ಚಾಚಾ?’ ಎಂದು ಕೇಳಿದೆ.

‘ನಾನ ಹಾಕೀನಿ. ಅರ್ಧಾ ಆಗೂದ್ರಾಗ ಜೊಹರ್ ಅಜಾನ್ ಆತು, ಎದ್ದು ಹೋದೆ. ಆಮ್ಯಾಲೆ ಮರತೆ.’

‘ಯಾಕ ಹಾಕಿದ್ರಿ?’

‘ರೈಲ್ವೆ ಅಕ್ಷರ ಬೇಟಾ. ಎಲ್ಲಿಂದ ತಂದಿ ಅಂತ ಪೊಲೀಸರು ಕೇಳಿದ್ರ ಏನ ಹೇಳ್ಲಿ? ಕೊಟ್ಟವ ಯಾರೋ, ಅವನ ಅಜ್ಜ ಯಾರೋ.’

ನಾವಿಬ್ಬರೂ ಮಾತಾಡಿದ್ದು ನಮ್ಮ ದಖನಿಯಲ್ಲಿ. ಓದುಗರ ಅನುಕೂಲಕ್ಕೆ ಊರ ಕನ್ನಡದಲ್ಲಿ ಬರೆದಿದ್ದೇನೆ. ಚಾಚಾನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವರ ಭಯ ಸುಳ್ಳಿನದ್ದಲ್ಲ. 1966ರಲ್ಲಿ ಬಂದ ರೈಲ್ವೆ ಸೊತ್ತಿನ ಅಕ್ರಮ ಸ್ವಾಧೀನದ ಕಾಯ್ದೆಯ ಪ್ರಕಾರ, ರೈಲ್ವೆಯಿಂದ ಕದ್ದದ್ದೆಂದು ಸಕಾರಣವಾಗಿ ಶಂಕೆ ಬರುವ ವಸ್ತು ಯಾರ ಬಳಿ ಸಿಕ್ಕರೂ, ಅದು ನ್ಯಾಯವಾಗಿ ತನ್ನ ಕೈಗೆ ಬಂದದ್ದೆಂದು ರುಜುವಾತು ಮಾಡಬೇಕಾದವನು ಅವನೇ. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆವಾಸ ಆಗಬಹುದು. ರೈಲು ಹಳಿಯ ಬೋಲ್ಟು, ಫಿಶ್‌ಪ್ಲೇಟು ಕದಿಯುವವರನ್ನು ತಡೆಯಲು ಇಂಥ ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಪ್ಪತ್ತು ವರ್ಷದ ಹಿಂದೆ ಹರಾಜಾಗಿ, ಮೂರು ಮನೆ ದಾಟಿ, ಕೊನೆಗೆ ಪಾತ್ರೆಪಗಡದ ಜೊತೆ ಗುಜರಿಗೆ ಬಿದ್ದ ಒಂದು ಕೊಡಲಿಗೆ ಕಾಗದ ಪತ್ರ ಎಲ್ಲಿಂದ ತರುವುದು? ಚಾಚಾ ಓದು ಬರಹ ಕಲಿತವರಲ್ಲ. ತಮ್ಮ ಅಂಗಡಿಯಲ್ಲಿ ಯಾವ ಅಕ್ಷರ ಅಪಾಯದ್ದೆಂದು ಗುರುತಿಸುವಷ್ಟು ಇಂಗ್ಲಿಷ್ ಮಾತ್ರ ಅವರಿಗೆ ಬರುತ್ತದೆ.

ಅಳಿದುಳಿದ ಆ ಅಕ್ಷರಗಳು ಎಂ.ಎಸ್.ಎಂ.ಆರ್. ಎಂದಿರಬೇಕು. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ದಕ್ಷಿಣದಲ್ಲಿ ಲಕ್ಷಾಂತರ ಜನರನ್ನು ಕೊಂದ 1876-78ರ ಬರಗಾಲದ ಬೆನ್ನಿಗೇ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರ ಬಿದ್ದ ಸೀಮೆಗೆ ಕಾಳು ಸಾಗಿಸಲು ಹಳಿ ಬೇಕು ಎಂಬುದು ಅದರ ಹುಟ್ಟಿನ ಹಿಂದಿದ್ದ ಒಂದು ಮುಖ್ಯ ವಾದ. 1885ರಲ್ಲಿ ಹುಬ್ಬಳ್ಳಿಯ ವರ್ಕ್‌ಶಾಪ್ ಆಯಿತು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಎಂ.ಎಸ್.ಎಂ. ಎನಿಸಿಕೊಂಡಿತು. 1951ರ ಏಪ್ರಿಲ್ 14ರಂದು ಅದೂ ಹೋಗಿ ದಕ್ಷಿಣ ರೈಲ್ವೆ ಬಂತು. ಹೀಗಾಗಿ ಈ ಅಕ್ಷರಗಳಿರುವ ಯಾವ ಸಾಮಾನೇ ಆಗಲಿ, ಅದಕ್ಕೆ ಅಚ್ಚು ಬಿದ್ದದ್ದು 1908ಕ್ಕೂ 1951ಕ್ಕೂ ನಡುವೆ. ಹಳೆಯ ಹತ್ಯಾರುಗಳ ಮೇಲೆ ಸಾಮಾನ್ಯವಾಗಿ ತಾರೀಖು ಇರುವುದಿಲ್ಲ. ಇಂಥ ಎರಡು ಮೂರು ಅಕ್ಷರಗಳೇ ಅವುಗಳ ಜನ್ಮಪತ್ರ. ಅದನ್ನೇ ಅರ ತಿಂದು ಹಾಕುತ್ತದೆ.

ನನ್ನ ಆಸಕ್ತಿಗೆ ಮನೆಯದೇ ಒಂದು ಕಾರಣವಿದೆ. ನನ್ನ ದಾದಾ, ಅಂದರೆ ತಂದೆಯ ತಂದೆ, ಇದೇ ವರ್ಕ್‌ಶಾಪಿನಲ್ಲಿ ಬಡಿಗರಾಗಿದ್ದರು. ರೈಲು ಡಬ್ಬಿಗಳ ಮೈಯೆಲ್ಲ ಮರದ್ದಾಗಿದ್ದ ಕಾಲ ಅದು. ಮನೆಯ ಅಟ್ಟದ ಮೇಲೆ ಅವರದೊಂದು ಹತ್ಯಾರಿನ ಪೆಟ್ಟಿಗೆ ಇತ್ತು. ಉರ್ದು ಶಾಲೆಗೆ ಹೋಗುತ್ತಿದ್ದಾಗ ಅದರಲ್ಲಿದ್ದವು ರಂದಾ, ಬಸೂಲಾ, ಬರ್ಮಾ, ರುಖಾನಿ, ಆರಿ. ಮುಂದೆ ಕನ್ನಡ ಶಾಲೆಗೆ ಸೇರಿದ ಮೇಲೆ ಅವೇ ಉಜ್ಜುಗೊರಡು, ಬಾಚಿ, ಬೈರಿಗೆ, ಉಳಿ, ಗರಗಸ ಆದವು. ಸಾಣೆಕಲ್ಲು ಮಾತ್ರ ಎರಡೂ ಶಾಲೆಯಲ್ಲಿ ಹೆಚ್ಚು ಕಡಿಮೆ ಒಂದೇ ಹೆಸರಿನದು, ಅಲ್ಲಿ ಸಾನ್, ಇಲ್ಲಿ ಸಾಣೆ. ಪೆಟ್ಟಿಗೆಯ ತಳದಲ್ಲಿ ಒಂದು ಕೊಡಲಿ. ಅದರ ಮೇಲೂ ಎಂ.ಎಸ್.ಎಂ.ಆರ್. ಎಂಬ ಅಚ್ಚು. ಅಚ್ಚಿನ ಕೆಳಗೆ ದಾದಾ ತಾವೇ ಪಂಚ್ ಹೊಡೆದು ಮೂರು ಚುಕ್ಕಿ ಮೂಡಿಸಿದ್ದರು. ಅವರ ಹೆಸರು ಉರ್ದುವಿನ ಶೀನ್ ಅಕ್ಷರದಿಂದ ಶುರುವಾಗುತ್ತಿತ್ತು. ಶೀನ್ ಬರೆಯುವುದು ಕಬ್ಬಿಣದ ಮೇಲೆ ಕಷ್ಟ, ಅದರ ಮೂರು ಚುಕ್ಕಿ ಸುಲಭ. ಹತ್ತು ಜನ ಕೆಲಸ ಮಾಡುವ ಜಾಗದಲ್ಲಿ ಯಾರ ಉಳಿ ಯಾರದು ಎಂದು ತಿಳಿಯಲು ಬಡಿಗರು ಇಂಥ ಗುರುತು ಮಾಡಿಕೊಳ್ಳುತ್ತಾರೆ.

ಆ ಕೊಡಲಿಯನ್ನು ದಾದಾ 1949ರಲ್ಲಿ, ಕಂಡೆಮ್ ಆದ ಸಾಮಾನುಗಳ ಹರಾಜಿನಲ್ಲಿ ಕೊಂಡಿದ್ದರು. ಅದರ ಚೀಟಿ ಅವರ ತಗಡಿನ ಟ್ರಂಕಿನಲ್ಲಿ, ನಿಕಾಹನಾಮಾದ ಕೆಳಗೆ, ನಾಲ್ಕು ಮಡಿಕೆಯಾಗಿ ಇರುತ್ತಿತ್ತು. ಕೊಡಲಿಯ ಮಾತು ಬಂದಾಗಲೆಲ್ಲ ದಾದಿ ನಗುತ್ತಿದ್ದರು. ಮನೆಗೆ ಬಂದವರಿಗೆಲ್ಲ ದಾದಾ ಆ ಚೀಟಿ ತೋರಿಸುತ್ತಿದ್ದರಂತೆ, ಕೇಳದವರಿಗೂ. 1966ರ ಕಾನೂನಿನ ಬಗ್ಗೆ ಓದಿದ ಮೇಲೆ ನನಗೆ ಆ ನಗು ಬೇರೆಯಾಗಿ ಕೇಳತೊಡಗಿತು.

ದಾದಾ 1987ರಲ್ಲಿ ತೀರಿಕೊಂಡರು. ಅಬ್ಬಾ ದರ್ಜಿ, ಅವರಿಗೆ ಮರದ ಕೆಲಸ ಗೊತ್ತಿರಲಿಲ್ಲ. ಪೆಟ್ಟಿಗೆ ಅಟ್ಟದ ಮೇಲೇ ಉಳಿಯಿತು. 1999ರಲ್ಲಿ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಪರೀಕ್ಷೆಯ ಫೀಸಿಗೆ ಹಣ ಸಾಲದೆ ಬಂದಾಗ ಆ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಮಾರಿ ಬಂದವನು ನಾನೇ. ತೂಕದ ಲೆಕ್ಕದಲ್ಲಿ. ಮರದ ರಂದಾಗಳಿಗೆ ತೂಕವೂ ಇಲ್ಲ, ಅವುಗಳ ಅಲಗುಗಳನ್ನು ಕಿತ್ತು ತಕ್ಕಡಿಗೆ ಹಾಕಿ ಮರವನ್ನು ಒಲೆಗೆ ಎಂದು ಪಕ್ಕಕ್ಕೆ ಒಗೆದದ್ದನ್ನು ನೋಡುತ್ತ ನಿಂತಿದ್ದೆ. ಅಬ್ಬಾ ಏನೂ ಅನ್ನಲಿಲ್ಲ. ದಾದಿ ಮಾತ್ರ ಟ್ರಂಕಿನಿಂದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟು, ‘ಇದನ್ಯಾಕ ಬಿಟ್ಟಿ, ಇದನ್ನೂ ಮಾರಿ ಬಾ’ ಎಂದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಹತ್ತು ಹನ್ನೆರಡು ವರ್ಷದಿಂದ ನಾನು ಗುಜರಿಗಳನ್ನು ಸುತ್ತುತ್ತಿರುವುದು ಮೊದಮೊದಲು ಆ ಮೂರು ಚುಕ್ಕಿಗಳಿಗಾಗಿ. ಹುಡುಕುತ್ತ ಹುಡುಕುತ್ತ ಬೇರೆಯವುಗಳ ರುಚಿಯೂ ಹತ್ತಿತು. ಈ ಹುಡುಕಾಟದಲ್ಲಿ ಕಣ್ಣಿಗಿಂತ ಕೈ, ಕಿವಿಗಳಿಗೇ ಕೆಲಸ ಜಾಸ್ತಿ. ಕೊಡಲಿಯ ತಲೆಯನ್ನು ದಾರಕ್ಕೆ ತೂಗಿಬಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯದು ಗಂಟೆಯಂತೆ ಮಿಡಿಯುತ್ತದೆ, ಬಿರುಕು ಬಿಟ್ಟದ್ದು ಮಡಕೆಯಂತೆ ಸದ್ದು ಮಾಡುತ್ತದೆ. ಕಾವು ಕೂರುವ ಕಣ್ಣಿನ ಗೋಡೆಗಳಲ್ಲಿ ಸೀಳಿದೆಯೇ ಎಂದು ನೋಡಬೇಕು, ಇದ್ದರೆ ಅದನ್ನು ಬಿಟ್ಟುಬಿಡುವುದು ಲೇಸು. ಬಾಯಿಯ ಮೇಲೆ ಒಂದು ಹೊಸ ಅರವನ್ನು ಎಳೆದು ನೋಡಬೇಕು. ಅರ ಜಾರಿದರೆ ಉಕ್ಕು ಇನ್ನೂ ಹದದಲ್ಲಿದೆ. ಬೆಣ್ಣೆಯಂತೆ ಕಚ್ಚಿದರೆ ಹದ ಹೋಗಿದೆ, ಇಲ್ಲವೇ ಉಕ್ಕೆಲ್ಲ ಸವೆದು ಬರೀ ಕಬ್ಬಿಣ ಉಳಿದಿದೆ. ತುಕ್ಕಿಗೆ ಹೆದರಬೇಕಿಲ್ಲ. ಮೇಲ್ಮೈಯ ತುಕ್ಕು ಹೋಗುತ್ತದೆ, ಆಳದ ಗುಳಿಗಳು ಬಾಯಿಯ ಅಂಚಿನಲ್ಲಿ ಇರದಿದ್ದರೆ ಸಾಕು.

ಇದೆಲ್ಲ ನಾನು ಕಲಿತದ್ದು ಒಂದು ಒಳ್ಳೆಯ ಕೊಡಲಿಯನ್ನು ಕೆಡಿಸಿದ ಮೇಲೆ. ಬೆಂಗಳೂರಿನ ಚಿಕ್ಕಪೇಟೆ ಸೀಮೆಯ ಸಂಡೇ ಬಜಾರಿನಲ್ಲಿ ಅದು ಸಿಕ್ಕಿತ್ತು. ಮಸಿ ಹಿಡಿದ ಕೆನ್ನೆಯ ಮೇಲೆ ಎರಡು ಸಾಲು ಅಕ್ಷರ ಇದ್ದವು. ಮನೆಗೆ ತಂದವನೇ ಅದನ್ನು ಪಳಪಳ ಹೊಳೆಯಿಸುವ ಹುಕಿಯಲ್ಲಿ ಕರೆಂಟಿನ ಗ್ರೈಂಡರ್ ಹಚ್ಚಿದೆ. ಹತ್ತು ನಿಮಿಷದಲ್ಲಿ ಕನ್ನಡಿಯಂತಾಯಿತು. ಮೇಲಿನ ಸಾಲು ಪೂರ್ತಿ ಅಳಿಸಿಹೋಯಿತು. ಕೆಳಗಿನ ಸಾಲಿನಲ್ಲಿ ‘ಶೆಫೀಲ್ಡ್’ ಎಂಬುದರ ಮೊದಲ ಮೂರು ಅಕ್ಷರ ಮಾತ್ರ ಉಳಿದವು. ಮಾಡಿದವರ ಹೆಸರು ಮೇಲಿನ ಸಾಲಿನಲ್ಲಿತ್ತು, ಅದನ್ನು ಓದುವ ತಾಳ್ಮೆಯೂ ನನಗಿರಲಿಲ್ಲ. ಅಷ್ಟು ಸಾಲದೆಂಬಂತೆ, ಬಾಯಿಯ ಉಕ್ಕು ಗ್ರೈಂಡರಿನ ಕಾವಿಗೆ ನವಿಲುಗರಿಯ ನೀಲಿ ಬಣ್ಣಕ್ಕೆ ತಿರುಗಿತು. ನೋಡಲು ಚೆಂದ ಎಂದುಕೊಂಡೆ. ಮರುದಿನ ಜಾಲಿಯ ತುಂಡೊಂದಕ್ಕೆ ಹಾಕಿದರೆ ಬಾಯಿ ತಗಡಿನಂತೆ ಮಡಚಿಕೊಂಡಿತು. ಚಾಚಾ ಹೆದರಿ ಅಳಿಸಿದರು, ನಾನು ಷೋಕಿಗೆ ಅಳಿಸಿದೆ.

ಶೆಫೀಲ್ಡ್ ಎಂಬ ಆ ಮೂರು ಅಕ್ಷರ ನನ್ನನ್ನು ಪುಸ್ತಕಗಳ ಕಡೆಗೆ ದೂಡಿದವು. ಇಂಗ್ಲೆಂಡಿನ ಈ ಊರು ಚಾಕು, ಕತ್ತರಿ, ಉಳಿ, ಗರಗಸಗಳಿಗೆ ಶತಮಾನಗಳಿಂದ ಹೆಸರಾದದ್ದು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ತನ್ನ ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, ಉಕ್ಕನ್ನು ಮಣ್ಣಿನ ಮೂಸೆಯಲ್ಲಿಟ್ಟು ಪೂರ್ತಿ ಕರಗಿಸುವ ದಾರಿ ಕಂಡುಕೊಂಡ. ಕರಗಿದ ಉಕ್ಕು ಉದ್ದಕ್ಕೂ ಒಂದೇ ಗುಣದ್ದು. ಹಳೆಯ ಇಂಗ್ಲಿಷ್ ಉಳಿಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಅಚ್ಚು ಕಂಡರೆ ಅದು ಈ ಮೂಸೆಯ ಉಕ್ಕು. ನಮ್ಮ ಗುಜರಿಯವರು ಅದನ್ನು ಬೀಡು ಕಬ್ಬಿಣ ಎಂದು ತಿಳಿದು ಬದಿಗೆ ಒಗೆಯುವುದುಂಟು, ಅಂಥದ್ದು ಕಂಡರೆ ಓದುಗರು ಬಿಡಬಾರದು. ಶೆಫೀಲ್ಡಿನ ಹೆಸರಿಗೆ ಎಂಥ ಬೆಲೆ ಬಂತೆಂದರೆ ಜರ್ಮನಿಯ ಮಾಲಿನ ಮೇಲೂ ಅದೇ ಹೆಸರು ಬೀಳತೊಡಗಿತು. ಅದನ್ನು ತಡೆಯಲು ಬ್ರಿಟನ್ 1887ರಲ್ಲಿ ಸರಕಿನ ಗುರುತುಗಳ ಕಾಯ್ದೆ ತಂದಿತು, 1889ರಲ್ಲಿ ಭಾರತಕ್ಕೂ ಅಂಥದ್ದೇ ಕಾಯ್ದೆ ಬಂತು. ನಮ್ಮ ಸಂತೆಗಳಲ್ಲಿ ಸಿಗುವ ಹಳೆಯ ಅರಗಳ ಮೇಲೆ ‘ಮೇಡ್ ಇನ್ ಜರ್ಮನಿ’ ಎಂದಿರುವುದು ಆ ಜಗಳದ ಫಲ. ನಾಚಿಕೆಯ ಗುರುತಾಗಿ ಹೇರಿದ ಆ ಮೂರು ಪದಗಳೇ ಮುಂದೆ ಜರ್ಮನಿಗೆ ಜಾಹೀರಾತಾದವು.

ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ಹಂಟ್ಸ್‌ಮನ್‌ಗಿಂತ ಎಷ್ಟೋ ಶತಮಾನ ಮೊದಲೇ ದಕ್ಷಿಣ ಭಾರತದ ಕುಲುಮೆಗಳಲ್ಲಿ ಅದು ನಡೆದಿತ್ತು. ಅಲ್ಲಿನ ಉಕ್ಕು ಕಡಲು ದಾಟಿ ಅರಬ್ ಮತ್ತು ಪಾರಸಿ ಖಡ್ಗಗಾರರ ಕೈ ಸೇರುತ್ತಿತ್ತು. ನಮ್ಮ ‘ಉಕ್ಕು’ ಎಂಬ ಪದವೇ ಇಂಗ್ಲಿಷರ ಕಾಗದಗಳಲ್ಲಿ ‘ವೂಟ್ಜ್’ ಆಯಿತೆಂದು ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. 1794ರ ಸುಮಾರಿಗೆ ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಅದರ ತುಂಡುಗಳನ್ನು ಲಂಡನ್ನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ಜೇಮ್ಸ್ ಸ್ಟೊಡಾರ್ಟ್ ಎಂಬ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವನು ಅದಕ್ಕೆ ಮರುಳಾದ. ಅವನ ಜೊತೆ ಸೇರಿ 1819ರಿಂದ ಮೂರು ನಾಲ್ಕು ವರ್ಷ ಅದರ ಗುಟ್ಟು ಬಿಡಿಸಲು ಹೆಣಗಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ವಿಜ್ಞಾನಿಯೆಂದು ನಾವು ಶಾಲೆಯಲ್ಲಿ ಓದಿದ ಅದೇ ಫ್ಯಾರಡೆ, ಒಬ್ಬ ಕಮ್ಮಾರನ ಮಗ.

ಲಂಡನ್ನಿನ ಪಂಡಿತರು ತುಂಡು ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದ ಕಾಲದಲ್ಲೇ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕುಲುಮೆಯ ಮುಂದೆ ಕೂತಿದ್ದ. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಗೆದ್ದ ನಾಡಿನ ಆಸ್ತಿ ಲೆಕ್ಕ ಹಾಕಲು ಅವನನ್ನು ಕಳಿಸಿತ್ತು. ಚನ್ನರಾಯನದುರ್ಗದ ಆಸುಪಾಸಿನಲ್ಲಿ ಉಕ್ಕು ಮಾಡುವವರನ್ನು ಕಂಡು ಅವನು ಬರೆದಿಟ್ಟದ್ದು ಅಡುಗೆಯ ಪುಸ್ತಕದಷ್ಟು ವಿವರವಾಗಿದೆ. ಒಂದು ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿಯ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಸಾಲಾಗಿ ಜೋಡಿಸಿ, ತಿದಿ ಒತ್ತಿ ಇದ್ದಿಲಿನ ಬೆಂಕಿ. ತಂಗಡಿಯ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರಿದರೆ ಉಕ್ಕು. ಆ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ, ವಾದ್ಯಗಳ ತಂತಿಗೆ ಹೋಗುತ್ತಿತ್ತೆಂದೂ ಅವನು ಹೇಳುತ್ತಾನೆ. ತಂತಿಗೆ ಹೆಸರಾದ ಊರು ಚನ್ನಪಟ್ಟಣ. ಇಷ್ಟೆಲ್ಲ ಬರೆದವನು ಆ ಮೂಸೆ ಹಚ್ಚಿದವರಲ್ಲಿ ಒಬ್ಬನ ಹೆಸರನ್ನಾದರೂ ಬರೆದಿದ್ದರೆ ಎಂದು ನನಗೆ ಅನ್ನಿಸಿದ್ದುಂಟು. ಶೆಫೀಲ್ಡಿನ ಗಡಿಯಾರದವನ ಹೆಸರು ನಮಗೆ ಗೊತ್ತು, ಫ್ಯಾರಡೆಯ ತಂದೆಯ ಹೆಸರೂ ಗೊತ್ತು.

ಆ ಕುಲುಮೆಗಳು ಆರಿದ್ದು ಒಂದೇ ದಿನದಲ್ಲಲ್ಲ. ಹಡಗಿನಲ್ಲಿ ಬಂದ ಇಂಗ್ಲಿಷ್ ಕಬ್ಬಿಣ ಅಗ್ಗವಾಗಿತ್ತು. 1856ರ ಬೆಸೆಮರ್ ವಿಧಾನದ ನಂತರ ಉಕ್ಕೂ ಅಗ್ಗವಾಯಿತು. ಇತ್ತ ಕಾಡುಗಳೆಲ್ಲ ಸರ್ಕಾರದ್ದಾಗುತ್ತ ಹೋಗಿ ಇದ್ದಿಲು ಸುಡುವುದೇ ತಪ್ಪಾಯಿತು. ಬರಕ್ಕೆ ಕಾಳು ತರುತ್ತೇನೆಂದು ಬಂದ ರೈಲು ಹಳ್ಳಿಯ ಸಂತೆಗೆ ಪರದೇಶದ ಕಬ್ಬಿಣದ ಪಟ್ಟಿಯನ್ನೂ ತಂದಿತು. ಕಬ್ಬಿಣ ಕರಗಿಸುವವರು ಹೋದರೂ ಅದನ್ನು ಬಡಿಯುವ ಕಮ್ಮಾರರು ಉಳಿದರು. ಕಮ್ಮಾರನಿಗೆ ಉಕ್ಕು ಯಾವತ್ತೂ ತುಟ್ಟಿಯ ವಸ್ತು. ಆದ್ದರಿಂದ ಕೊಡಲಿಯ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಯನ್ನು ಸೀಳಿ ಅಲ್ಲಿಗಷ್ಟೇ ಉಕ್ಕಿನ ತುಂಡು ಇಟ್ಟು ಬೆಸೆಯುತ್ತಿದ್ದ. ಮೈ ಪೆಟ್ಟು ತಾಳುತ್ತದೆ, ಬಾಯಿ ಹರಿತ ತಾಳುತ್ತದೆ. ಹಳೆಯ ಶೆಫೀಲ್ಡ್ ಕೊಡಲಿಯಲ್ಲೂ ಇದೇ ಕೆಲಸ, ನಮ್ಮ ಹಳ್ಳಿಯ ಕೊಡಲಿಯಲ್ಲೂ ಇದೇ. ‘ಕೊಡಲಿಗೆ ಉಕ್ಕು ಹಾಕಿಸುವುದು’ ಎಂದು ನಮ್ಮ ರೈತರು ಹೇಳುವುದು ಸವೆದ ಬಾಯಿಗೆ ಮತ್ತೆ ಈ ತುಂಡು ಬೆಸೆಯಿಸುವುದಕ್ಕೆ.

ನನ್ನ ನೀಲಿ ಬಾಯಿಯ ಕೊಡಲಿಯನ್ನು ಬದುಕಿಸಿಕೊಟ್ಟವರು ಊರ ಹೊರಗೆ ರಸ್ತೆಯ ಪಕ್ಕ ಬಿಡಾರ ಹೂಡಿದ್ದ ಘಿಸಾಡಿ ದಂಪತಿ. ಊರಿಂದೂರಿಗೆ ಹೋಗುವ ಈ ಕಮ್ಮಾರರಲ್ಲಿ ದೊಡ್ಡ ಸುತ್ತಿಗೆ ಹೊಡೆಯುವುದು ಹೆಂಗಸರು. ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾನೆ, ಅವಳ ಪೆಟ್ಟು ಅಲ್ಲೇ ಬೀಳುತ್ತದೆ. ಈಗ ಅವರು ಮಚ್ಚು, ಕುಡುಗೋಲು ಮಾಡುವುದು ಬಹುಮಟ್ಟಿಗೆ ಲಾರಿಯ ಹಳೆಯ ಕಮಾನು ಪಟ್ಟಿಯಿಂದ. ಆ ಪಟ್ಟಿಗಳೂ ಗುಜರಿಯಿಂದಲೇ ಬರುತ್ತವೆ. ನನ್ನ ಕೊಡಲಿ ನೋಡಿ ಆತ, ‘ನೀಲಿ ಆದ್ರ ಸತ್ತಂಗ ಸಾಹೇಬ’ ಎಂದ. ಅವನ ಹೆಂಡತಿ, ‘ಸತ್ತಿಲ್ಲ, ನಿದ್ದಿ ಹತ್ತೇತಿ’ ಎಂದಳು. ಸುಟ್ಟ ಅಂಚನ್ನು ಅರದಿಂದ ತೆಗೆದು, ಬಾಯಿಯನ್ನು ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿದರು. ಎಷ್ಟು ಕೆಂಪು ಎಂಬುದೇ ವಿದ್ಯೆ. ಆತ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿದ, ಕಬ್ಬಿಣ ಅದನ್ನು ಎಳೆಯುವುದನ್ನು ಬಿಟ್ಟ ಕೂಡಲೆ ಬಾಯಿಯನ್ನಷ್ಟೇ ನೀರಿಗೆ ಅದ್ದಿ ತೆಗೆದ. ಬೇಗ ಬೇಗ ಇಟ್ಟಿಗೆಯ ತುಂಡಿನಿಂದ ಉಜ್ಜಿದ. ಮೈಯಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯುತ್ತಿದ್ದಂತೆ ಉಜ್ಜಿದ ಜಾಗದಲ್ಲಿ ಬಣ್ಣ ಓಡತೊಡಗಿತು. ಮೊದಲು ಗೋಧಿ ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ ಇಣುಕುತ್ತಿದ್ದಂತೆ ಇಡೀ ಕೊಡಲಿ ನೀರಿಗೆ. ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಿದರೆ ಬಾಯಿ ಗಟ್ಟಿ ಆದರೆ ಚಕ್ಕೆ ಏಳುತ್ತದೆ, ನೀಲಿ ದಾಟಲು ಬಿಟ್ಟರೆ ಮೆದು. ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿಗೆ, ನೀಲಿ 300ರ ಹತ್ತಿರ. ಗ್ರೈಂಡರಿನ ಮುಂದೆ ನಾನು ಈ ಎಂಬತ್ತು ಡಿಗ್ರಿಯನ್ನು ಎರಡು ಮೂರು ಕ್ಷಣದಲ್ಲಿ ದಾಟಿಸಿಬಿಟ್ಟಿದ್ದೆ.

ಹೀಗಾಗಿ ಈ ಮಳೆಗಾಲದ ಕೊಡಲಿಗೆ ಕರೆಂಟು ತಾಕಿಸಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಜಿಡ್ಡು ಬಿಡಿಸಿದೆ. ಎರಡನೆಯ ಕೆನ್ನೆಯಲ್ಲಿ, ಹಳೆಯ ಎಣ್ಣೆಯ ಪದರದ ಕೆಳಗೆ, ರೂಪಾಯಿಯಗಲದ ಒಂದು ಕೆಂಪು ಬೊಟ್ಟು ಕಾಣಿಸಿತು. ಸುತ್ತ ಅರಿಸಿನದ ಅಂಚು. ಯಾರದೋ ಮನೆಯಲ್ಲಿ ಆಯುಧಪೂಜೆಯಂದು ಇಟ್ಟ ಕುಂಕುಮ ಎಣ್ಣೆ ಕುಡಿದು ಗಟ್ಟಿಯಾಗಿದೆ. ವರ್ಕ್‌ಶಾಪು, ಹರಾಜು, ಆಮೇಲೆ ಈ ಮನೆ, ಆಮೇಲೆ ಚಾಚಾ. ಆ ಕೆನ್ನೆಗೆ ಒಣ ಬಟ್ಟೆ ಬಿಟ್ಟು ಬೇರೇನೂ ಹಚ್ಚಲಿಲ್ಲ. ಒಂದು ಲೋಟದಲ್ಲಿ ಸಿರ್ಕಾ ಹಾಕಿ, ಕೊಡಲಿಯನ್ನು ತಲೆಕೆಳಗು ನಿಲ್ಲಿಸಿ ಬಾಯಿಯನ್ನಷ್ಟೇ ರಾತ್ರಿಯಿಡೀ ಮುಳುಗಿಸಿದೆ. ಬೆಳಿಗ್ಗೆ ಸೋಡಾಪುಡಿಯ ನೀರಿನಲ್ಲಿ ತೊಳೆದು ನೋಡಿದರೆ ಬಾಯಿಯಿಂದ ಒಂದೂವರೆ ಅಂಗುಲ ಮೇಲೆ ಒಂದು ಗೆರೆ. ಗೆರೆಯ ಕೆಳಗೆ ಕಡು ಬೂದು, ಅದು ಉಕ್ಕು. ಮೇಲೆ ತಿಳಿ ಬಣ್ಣ, ಒಣ ಮರದಂತೆ ಎಳೆ ಎಳೆ, ಅದು ಕಬ್ಬಿಣ. ಕೈಯಿಂದ ಬೆಸೆದ ಕೊಡಲಿ. ಅಚ್ಚು ರೈಲ್ವೆಯದು, ಬೆಸುಗೆ ಯಾವನೋ ಕಮ್ಮಾರನದು.

ಇನ್ನು ಅರ ಹಾಕಿದ ಜಾಗ. ಉಳಿಯ ಪೆಟ್ಟಿನಿಂದ ಅಚ್ಚು ಬಿದ್ದಲ್ಲಿ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದೆ. ಮೇಲಿನ ಅಕ್ಷರ ಅಳಿಸಿದರೂ ಆ ಒತ್ತಡ ಉಳಿದಿರುತ್ತದೆ, ಆಮ್ಲ ಹಚ್ಚಿದರೆ ಅಕ್ಷರದ ನೆರಳು ಏಳಬಹುದು. ಕದ್ದ ವಾಹನ, ಬಂದೂಕುಗಳ ಅಳಿಸಿದ ನಂಬರನ್ನು ಪೊಲೀಸರ ಪ್ರಯೋಗಾಲಯದವರು ಹೀಗೇ ಓದುತ್ತಾರೆ. ನನ್ನ ಹತ್ತಿರ ಇದ್ದದ್ದು ಅಡುಗೆಯ ಸಿರ್ಕಾ. ನುಣುಪಾದ ಕಾಗದದಿಂದ ಗೀರುಗಳನ್ನು ಮೆಲ್ಲಗೆ ತಿಕ್ಕಿ, ಹತ್ತಿಯಲ್ಲಿ ಸಿರ್ಕಾ ಅದ್ದಿ ಗಂಟೆಗಟ್ಟಲೆ ಒರೆಸುತ್ತ ಕೂತೆ. ಮಕ್ಕಳು ಬಂದು ನೋಡಿ ಹೋದರು. ಸಂಜೆಯ ಓರೆ ಬೆಳಕಿನಲ್ಲಿ ಎರಡನೆಯ ‘ಎಂ’ ಒಂದು ಸಲ ಎದ್ದಂತಾಯಿತು. ಅದರ ಕೆಳಗೆ ಚುಕ್ಕಿಗಳು ಏಳುತ್ತವೆಯೇ ಎಂದು ಕಾದೆ. ಏಳಲಿಲ್ಲ. ಚಾಚಾನ ಅರ ಅಲ್ಲಿ ಆಳಕ್ಕೆ ಹೋಗಿರಬಹುದು ಎಂದು ಒಂದು ಮನಸ್ಸು ಹೇಳುತ್ತದೆ. ಆದರೆ ದಾದಾನ ಕೊಡಲಿ ಇದಕ್ಕಿಂತ ಹಗುರ ಇತ್ತೆಂದು ನೆನಪು. ಇದು ಅವರದಲ್ಲ ಎಂದೇ ತಿಳಿದಿದ್ದೇನೆ.

ಕಾವಿನ ವಿಷಯದಲ್ಲಿ ಒಂದು ಮಾತು. ಇಂಗ್ಲೆಂಡಿನವರು ಆಶ್ ಮರವನ್ನು, ಅಮೆರಿಕದವರು ಹಿಕರಿಯನ್ನು ಹೊಗಳುತ್ತಾರೆ. ನಮ್ಮಲ್ಲಿ ದಿಂಡಿಗ ಇದೆ, ಗಾಡಿಯ ಅಚ್ಚಿಗೆ ಹೆಸರಾದ ಮರ. ತಡಸಲು ಇದೆ, ಬಾಗಿ ಮತ್ತೆ ನೆಟ್ಟಗಾಗುವ ಮರ. ಬಯಲುಸೀಮೆಯಲ್ಲಿ ಸುಲಭಕ್ಕೆ ಸಿಗುವುದು ಜಾಲಿ. ತೇಗ ನೋಡಲು ಚೆಂದ, ಕೊಡಲಿಗೆ ಬೇಡ, ಪೆಟ್ಟಿಗೆ ಚಕ್ಕನೆ ಮುರಿಯುತ್ತದೆ. ಮರ ಯಾವುದೇ ಇರಲಿ, ಎಳೆ ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಓಡಬೇಕು, ನಡುವೆ ಹೊರಗೆ ಹಾರಿದರೆ ಮುರಿಯುವುದು ಅಲ್ಲೇ. ಹಸಿ ಮರ ಕೂರಿಸಿದರೆ ಬೇಸಿಗೆಯಲ್ಲಿ ಸೊರಗಿ ತಲೆ ಹಾರುತ್ತದೆ. ಹಾರಿದ ತಲೆ ಎಲ್ಲಿ ಬೀಳುತ್ತದೆಂದು ಹೇಳಲಾಗದು, ಇದು ತಮಾಷೆಯ ಮಾತಲ್ಲ. ಪಿಕಾಸಿಗಾದರೆ ಕಾವನ್ನು ಮೇಲಿನಿಂದ ಇಳಿಸುತ್ತೇವೆ, ಬೀಸಿದಷ್ಟೂ ಅದು ಬಿಗಿಯಾಗುತ್ತದೆ. ಇಂಥ ಕೊಡಲಿಗೆ ಕೆಳಗಿನಿಂದ ಏರಿಸಿ ಮೇಲೆ ಸೀಳಿನಲ್ಲಿ ಬೆಣೆ ಹೊಡೆಯಬೇಕು. ನಾನು ತಂದದ್ದು ಒಣಗಿದ ಜಾಲಿ. ವಾರ್ನಿಷ್ ಬಳಿಯಲಿಲ್ಲ, ಅದು ಅಂಗೈಯಲ್ಲಿ ಬೊಬ್ಬೆ ಏಳಿಸುತ್ತದೆ. ಅಗಸೆ ಎಣ್ಣೆಯನ್ನು ದಿನಕ್ಕೊಂದು ಸಲದಂತೆ ವಾರವಿಡೀ ಕುಡಿಸಿದೆ.

ಶೆಫೀಲ್ಡಿನಲ್ಲಿ ಕೆನ್ ಹಾಲಿ ಎಂಬೊಬ್ಬ ಹತ್ಯಾರು ವ್ಯಾಪಾರಿ ಇದ್ದ. 1927ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ. ತನ್ನ ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ ಹೋದಾಗ ಆತ ಉಳಿ, ಗರಗಸಗಳನ್ನು ಮಾತ್ರ ಕೂಡಿಸಲಿಲ್ಲ. ಅವನ್ನು ಮಾಡುತ್ತಿದ್ದ ಹತ್ಯಾರುಗಳನ್ನು, ಅರ್ಧಕ್ಕೆ ನಿಂತ ಮಾಲನ್ನು, ಬೆಲೆಪಟ್ಟಿ, ಕೆಟಲಾಗುಗಳನ್ನು ಕಸದಿಂದ ಎತ್ತಿ ತಂದ. ಇಂದು ಅದೆಲ್ಲ ಆ ಊರಿನ ಕೆಲ್ಹಮ್ ಐಲೆಂಡ್ ಮ್ಯೂಸಿಯಮ್ಮಿನಲ್ಲಿದೆ. ನನ್ನ ಕೆಟ್ಟ ಕೊಡಲಿಯ ಮೇಲಿನ ಸಾಲು ಉಳಿದಿದ್ದರೆ ಅದನ್ನು ಯಾವ ಬೀದಿಯಲ್ಲಿ, ಯಾವ ಕಾಲದಲ್ಲಿ ಮಾಡಿದರೆಂದು ಹುಡುಕಿಕೊಳ್ಳಲು ಅಲ್ಲಿ ದಾರಿಯಿತ್ತು. ಹುಬ್ಬಳ್ಳಿಯಲ್ಲೂ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಹಳೆಯ ಬೋಗಿಯ ಮರದ ಜೋಡಣೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ನಿಂತೆ.

ಸಿದ್ಧವಾದ ಕೊಡಲಿಯನ್ನು ಚಾಚಾಗೆ ತೋರಿಸಲು ಒಯ್ದೆ. ಅವರು ಹೆಬ್ಬೆರಳಿನಿಂದ ಬಾಯಿ ಮುಟ್ಟಿ ನೋಡಿ, ಕುಂಕುಮದ ಬೊಟ್ಟನ್ನು ನೋಡಿ, ‘ಇದನ್ನ ಹಂಗ ಬಿಟ್ಟೀಯಲ್ಲ, ಚೊಲೊ ಆತು’ ಎಂದರು. ಸಿರ್ಕಾ ಹಚ್ಚಿದರೆ ಅಳಿಸಿದ ಅಕ್ಷರ ಮತ್ತೆ ಕಾಣುತ್ತದೆ, ಪೊಲೀಸರಿಗೆ ಈ ವಿದ್ಯೆ ಗೊತ್ತು ಎಂದು ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಂದ್ರ ಇಷ್ಟು ವರ್ಷ ನಾ ಅರಾ ಸವಿಸಿದ್ದು ಸುಳ್ಳs ಆತಲ್ಲ!’ ನನಗೆ ದಾದಾನ ಚೀಟಿ ನೆನಪಾಯಿತು. ಅದರ ಕಥೆ ಹೇಳಿ, ನನಗೂ ಒಂದು ಚೀಟಿ ಕೊಡಿ, ಮಾರಿದವರ ಹೆಸರೂ ನೀವು ಬರೆದಿಟ್ಟುಕೊಳ್ಳಿ ಎಂದೆ. ಅವರಿಗೆ ಬರೆಯಲು ಬಾರದು. ಒಂದು ಮದುವೆ ಕಾರ್ಡಿನ ಹಿಂಬದಿಯಲ್ಲಿ ನಾನೇ ಬರೆದೆ. ಹಳೆಯ ಕೊಡಲಿ ಒಂದು, ತೂಕ ಇಷ್ಟು, ಕೊಟ್ಟ ಹಣ ಇಷ್ಟು, ತಾರೀಖು. ಚಾಚಾ ಕೆಳಗೆ ಹೆಬ್ಬೆಟ್ಟು ಒತ್ತಿದರು. ಗುಜರಿಯವರ ಹೆಬ್ಬೆಟ್ಟಿಗೆ ಇಂಕ್‌ಪ್ಯಾಡಿನ ಅಗತ್ಯವೇ ಬೀಳಲಿಲ್ಲ.

ಮೊನ್ನೆ ಅವರ ಮಗನ ಫೋನಿನಿಂದ ಕರೆ ಬಂತು. ‘ಅಕ್ಷರ ಇರೂದೊಂದು ಬಾಚಿ ಬಂದೈತಿ ಬೇಟಾ. ಅರಾ ಹಾಕಿಲ್ಲ, ಕೊಟ್ಟವನ್ನ ಹೆಸರೂ ಕೇಳಿಟ್ಟೀನಿ. ಬರೂವಾಗ ಒಂದು ವಹಿ, ಒಂದು ಪೆನ್ನು ತೊಗೊಂಡು ಬಾ.’